ಪ್ರಶ್ನೋತ್ತರ: ಬಿಸಿಯಾಗುವ ಕ್ರಿಯೆ, ತಣ್ಣಗಾಗುವ ಕ್ರಿಯೆ

ಪ್ರಶ್ನೆ: ಪರಮಾಣುಗಳನ್ನು ಹಿಡಿದಿಡುವ ರಾಸಾಯನಿಕ ಬಂಧ ಮುರಿದಾಗ ಅದರಲ್ಲಿ ಅಡಗಿದ್ದ ಶಕ್ತಿ ಹೊರಬರುತ್ತದೆ, ಇಂಧನ ಉರಿದಾಗ ಬಿಸಿಯಾಗುವುದು ಅದರಿಂದಲೇ ಎಂದು ಕಲಿತಿದ್ದೆ. ಅದು ತಪ್ಪಂತೆ. ಹೌದೇ?

ಉತ್ತರ: ಹೌದು, ತಪ್ಪು. ಬಂಧ ಮುರಿಯಲು ಶಕ್ತಿ ಕೊಡಬೇಕು. ಹೊಸ ಬಂಧ ಏರ್ಪಟ್ಟಾಗ ಶಕ್ತಿ ಹೊರಬೀಳುತ್ತದೆ. ಎರಡರ ಜಮಾಖರ್ಚು ನೋಡಿದರೆ ಕ್ರಿಯೆ ಬಹಿರುಷ್ಣಕವೋ (ಉಷ್ಣ ಬಿಡುವಂಥದ್ದೋ) ಅಂತರುಷ್ಣಕವೋ (ಉಷ್ಣ ಹೀರುವಂಥದ್ದೋ) ತಿಳಿಯುತ್ತದೆ. ಹೈಡ್ರೋಜನ್ ಮತ್ತು ಕ್ಲೋರಿನ್ ಸೇರಿ ಹೈಡ್ರೋಜನ್ ಕ್ಲೋರೈಡ್ ಆಗುವುದನ್ನು ತೆಗೆದುಕೊಳ್ಳಿ. ಒಂದೊಂದು ಮೋಲ್ (ಕಣಗಳನ್ನು ಎಣಿಸುವ ಒಂದು ದೊಡ್ಡ ನಿಗದಿತ ಸಂಖ್ಯೆ) ಅಣುಗಳನ್ನು ಬಿಡಿಸಲು 436 ಮತ್ತು 242, ಒಟ್ಟು 678 ಕಿಲೋಜೂಲ್ ಖರ್ಚು. ಎರಡು ಮೋಲ್ ಹೊಸ ಬಂಧಗಳಿಂದ ತಲಾ 431ರಂತೆ 862 ಜಮೆ. ಉಳಿದ 184 ಕಿಲೋಜೂಲ್ ಉಷ್ಣವಾಗಿ ಹೊರಬರುತ್ತದೆ. ಸಾರಜನಕ ಮತ್ತು ಆಮ್ಲಜನಕ ಸೇರಿ ನೈಟ್ರಿಕ್ ಆಕ್ಸೈಡ್ ಆಗುವಾಗ ಲೆಕ್ಕ ತಿರುಗುಮುರುಗು: ಖರ್ಚು 945 ಮತ್ತು 498, ಜಮೆ ಎರಡು ಸಲ 631. ಸುಮಾರು 180 ಕಿಲೋಜೂಲ್ ಹೊರಗಿನಿಂದಲೇ ಬರಬೇಕು. ಸಾರಜನಕದ ತ್ರಿಬಂಧ ಅಷ್ಟು ಗಟ್ಟಿ.

ಪ್ರಶ್ನೆ: ಕಾಯಿಸಿದರೆ ಮಾತ್ರ ಆರಂಭವಾಗುವ ಕ್ರಿಯೆಗಳೆಲ್ಲ ಅಂತರುಷ್ಣಕವೇ?

ಉತ್ತರ: ಅಲ್ಲ. ಮೆಗ್ನೀಸಿಯಂ ಪಟ್ಟಿ ಹೊತ್ತಿಕೊಳ್ಳಲು ಜ್ವಾಲೆ ಬೇಕು, ಆದರೆ ಉರಿಯುವಾಗ ಪ್ರತಿ ಮೋಲ್‌ಗೆ ಸುಮಾರು 600 ಕಿಲೋಜೂಲ್ ಬಿಡುಗಡೆಯಾಗುತ್ತದೆ. ಮೊದಲು ಕೊಟ್ಟ ಉಷ್ಣ ಕ್ರಿಯೆಯನ್ನು ಆರಂಭಿಸಲು ಬೇಕಾದ ಸಕ್ರಿಯಣ ಶಕ್ತಿ ಮಾತ್ರ. ಕೊನೆಯ ಲೆಕ್ಕದ ಚಿಹ್ನೆಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: 1 ಮೋಲಾರ್ (ಲೀಟರ್‌ಗೆ ಒಂದು ಮೋಲ್) ಹೈಡ್ರೋಕ್ಲೋರಿಕ್ ಆಮ್ಲ 50 ಮಿಲಿ, ಅಷ್ಟೇ ಪ್ರಬಲತೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ 50 ಮಿಲಿ ಗಾಜಿನ ಬೀಕರ್‌ನಲ್ಲಿ ಬೆರೆಸಿದೆವು. ತಾಪ ಏರಿದ್ದು 5.5 ಡಿಗ್ರಿ. ಲೆಕ್ಕ ಹಾಕಿದರೆ ಮೋಲ್‌ಗೆ 46 ಕಿಲೋಜೂಲ್ ಬಂತು, ಪುಸ್ತಕದಲ್ಲಿ 57 ಇದೆ. ಎಲ್ಲಿ ತಪ್ಪಿದೆವು?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ, ಉಷ್ಣ ಸೋರಿಹೋಗಿದೆ. 0.05 ಮೋಲ್ ತಟಸ್ಥೀಕರಣಕ್ಕೆ (ಆಮ್ಲ ಮತ್ತು ಕ್ಷಾರ ಸೇರಿ ನೀರು, ಲವಣ ಆಗುವುದಕ್ಕೆ) ಸುಮಾರು 2,860 ಜೂಲ್ ಬರುತ್ತದೆ. 100 ಗ್ರಾಂ ದ್ರಾವಣದ ತಾಪ ಒಂದು ಡಿಗ್ರಿ ಏರಲು 418 ಜೂಲ್ ಬೇಕು, ಹಾಗಾಗಿ 6.8 ಡಿಗ್ರಿ ಏರಬೇಕಿತ್ತು. ಆದರೆ 100 ಗ್ರಾಂ ತೂಗುವ ಗಾಜಿನ ಬೀಕರ್ ಕೂಡ ಡಿಗ್ರಿಗೆ ಸುಮಾರು 80 ಜೂಲ್ ಹೀರುತ್ತದೆ. ಅದು ಪೂರ್ತಿ ಬಿಸಿಯಾದರೆ ಏರಿಕೆ 5.7ಕ್ಕೆ ಇಳಿಯುತ್ತದೆ. ಉಳಿದದ್ದು ಗಾಳಿಯ ಪಾಲು.

ಮುಂದಿನ ಸಲ ಒಂದರೊಳಗೊಂದು ಇಟ್ಟ ಎರಡು ಥರ್ಮಾಕೋಲ್ ಲೋಟ ಬಳಸಿ, ಉರುಳದಂತೆ ಬೀಕರ್‌ನೊಳಗೆ ನಿಲ್ಲಿಸಿ, ತೂತು ಮಾಡಿದ ಮುಚ್ಚಳ ಹಾಕಿ. ಕಣ್ಣಿಗೆ ರಕ್ಷಣಾ ಕನ್ನಡಕ ಇರಲೇಬೇಕು. ಸೋಡಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗುವಾಗಲೇ ಬಿಸಿಯಾಗುತ್ತದೆ. ಆದ್ದರಿಂದ ಆಗಷ್ಟೇ ಮಾಡಿದ ದ್ರಾವಣ ಸುರಿಯಬೇಡಿ. ಎರಡೂ ದ್ರಾವಣ ಕೋಣೆಯ ತಾಪಕ್ಕೆ ಬರಲಿ. ಹಾಗೆಂದು ಬಾಯಿ ತೆರೆದು ದಿನಗಟ್ಟಲೆ ಇಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ದ್ರಾವಣ ದುರ್ಬಲವಾಗುತ್ತದೆ. ಬೆರೆಸುವ ಮೂರು ನಿಮಿಷ ಮೊದಲಿನಿಂದ ಅರ್ಧ ಅರ್ಧ ನಿಮಿಷಕ್ಕೆ ತಾಪ ಬರೆದುಕೊಳ್ಳಿ, ಬೆರೆಸಿದ ಮೇಲೂ ಐದಾರು ನಿಮಿಷ ಕದಡುತ್ತಾ ಬರೆಯಿರಿ. ನಕ್ಷೆಯಲ್ಲಿ ತಣ್ಣಗಾಗುವ ಇಳಿಜಾರು ಗೆರೆಯನ್ನು ಬೆರೆಸಿದ ಕ್ಷಣದವರೆಗೆ ಹಿಂದಕ್ಕೆ ಎಳೆದರೆ ಸಿಗುವ ತಾಪವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಾಳಿಗೆ ಸೋರಿದ ಉಷ್ಣವನ್ನು ಲೆಕ್ಕದಲ್ಲಿ ಸರಿದೂಗಿಸುವುದು ಈ ಗೆರೆ.

ಎರಡನ್ನೂ 100 ಮಿಲಿ ತೆಗೆದುಕೊಂಡರೆ ಏರಿಕೆ ದುಪ್ಪಟ್ಟಾಗುವುದಿಲ್ಲ. ಉಷ್ಣ ಎರಡು ಪಟ್ಟು, ಬಿಸಿಯಾಗಬೇಕಾದ ದ್ರಾವಣವೂ ಎರಡು ಪಟ್ಟು.

ಪ್ರಶ್ನೆ: ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಬೆರೆಸಿದರೆ ಲೋಟ ತಣ್ಣಗಾಗುತ್ತದೆ. ಉಷ್ಣ ಬೇಡುವ ಕ್ರಿಯೆ ಯಾರೂ ಕಾಯಿಸದೆ ತಾನಾಗಿ ಹೇಗೆ ನಡೆಯುತ್ತದೆ?

ಉತ್ತರ: ಬೇಕಾದ ಉಷ್ಣವನ್ನು ಅದು ತನ್ನ ಸುತ್ತಲಿನ ನೀರಿನಿಂದಲೇ ಕಿತ್ತುಕೊಳ್ಳುತ್ತದೆ, ಅದಕ್ಕೇ ಲೋಟ ತಣ್ಣಗಾಗುವುದು. ಕ್ರಿಯೆಯ ದಿಕ್ಕನ್ನು ಉಷ್ಣವೊಂದೇ ನಿರ್ಧರಿಸುವುದಿಲ್ಲ. ಶಕ್ತಿ ಮತ್ತು ಕಣಗಳು ಎಷ್ಟು ಚದುರುತ್ತವೆ ಎಂಬುದರ ಅಳತೆಯಾದ ಎಂಟ್ರೊಪಿಯೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಕಾರ್ಬನ್ ಡೈಆಕ್ಸೈಡ್ ಅನಿಲ ಗುಳ್ಳೆಗುಳ್ಳೆಯಾಗಿ ಹೊರಟು ಎಂಟ್ರೊಪಿ ಬಹಳ ಏರುತ್ತದೆ. ಎಂಟ್ರೊಪಿಯ ಏರಿಕೆಯನ್ನು ಕೆಲ್ವಿನ್ ತಾಪದಿಂದ (ಸೆಲ್ಸಿಯಸ್‌ಗೆ 273 ಕೂಡಿಸಿದರೆ ಬರುವುದು) ಗುಣಿಸಿದಾಗ ಬರುವ ಮೊತ್ತ ಬೇಕಾದ ಉಷ್ಣಕ್ಕಿಂತ ಹೆಚ್ಚಿದ್ದರೆ ಕ್ರಿಯೆ ಮುಂದೆ ಸಾಗುತ್ತದೆ.

ಸುಣ್ಣದ ಕಲ್ಲು ಒಡೆದು ಸುಟ್ಟ ಸುಣ್ಣವಾಗುವಾಗಲೂ ಇದೇ ಅನಿಲ ಬರುತ್ತದೆ, ಆದರೆ ಕೋಣೆಯ ತಾಪದಲ್ಲಿ ಕಲ್ಲು ಕಲ್ಲಾಗಿಯೇ ಇರುತ್ತದೆ. ಅಲ್ಲಿ ಬೇಕಾದದ್ದು ಮೋಲ್‌ಗೆ 178 ಕಿಲೋಜೂಲ್, ಎಂಟ್ರೊಪಿ ಏರುವುದು ಕೆಲ್ವಿನ್‌ಗೆ ಸುಮಾರು 160 ಜೂಲ್. ಭಾಗಿಸಿದರೆ 1,110 ಕೆಲ್ವಿನ್, ಅಂದರೆ ಸುಮಾರು 840 ಡಿಗ್ರಿ ಸೆಲ್ಸಿಯಸ್. ಸುಣ್ಣದ ಗೂಡನ್ನು ಇದಕ್ಕಿಂತ ಮೇಲೆ, 900 ಡಿಗ್ರಿಯ ಆಸುಪಾಸಿಗೆ ಕಾಯಿಸಬೇಕಾಗುವುದು ಈ ಕಾರಣಕ್ಕೆ. ಗೂಡಿನಿಂದ ಅನಿಲ ಹೊರಹೋಗಲು ದಾರಿಯೂ ಇರಬೇಕು. ಒಳಗೇ ಒತ್ತಡ ಕಟ್ಟಿದರೆ ಸುಟ್ಟ ಸುಣ್ಣ ಅದನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ.