ತೃಪ್ತಿಯೋ, ಕೈಲಾಗದವನ ನೆಪವೋ?

ಪತ್ರ: ನನಗೆ 42 ವರ್ಷ. ಸೋಮವಾರಪೇಟೆ ಸಮೀಪದವನು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು, ಅಪ್ಪ ತೀರಿಕೊಂಡ ಮೇಲೆ ಏಳು ಎಕರೆ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಪಕ್ಕದಲ್ಲೇ ಚಿಕ್ಕಪ್ಪನ ಮಗ ಹೋಂಸ್ಟೇ ಕಟ್ಟಿದ, ಎರಡನೆಯ ಕಾರು ತಂದ. ‘ನಿನ್ನ ಗದ್ದೆಯನ್ನೂ ಕೊಡು, ರೆಸಾರ್ಟ್ ಮಾಡೋಣ’ ಎನ್ನುತ್ತಾನೆ. ಮದುವೆ ಮನೆಗಳಲ್ಲಿ ನನ್ನನ್ನು ‘ಬೆಂಗಳೂರಿನಿಂದ ವಾಪಸು ಬಂದವನು’ ಎಂದೇ ಪರಿಚಯಿಸುತ್ತಾರೆ. ನನಗೆ ಈ ಬದುಕು ಸಾಕೆನಿಸುತ್ತದೆ. ಆದರೆ ಇದು ನಿಜವಾದ ತೃಪ್ತಿಯೋ, ಕೈಲಾಗದವನ ನೆಪವೋ ಎಂಬ ಅನುಮಾನ ರಾತ್ರಿ ಕಾಡುತ್ತದೆ. ಮಗಳು ಮುಂದಿನ ವರ್ಷ ಪಿಯುಸಿ ಮುಗಿಸುತ್ತಾಳೆ. ಶಿಕ್ಷಕಿಯಾಗಿರುವ ಪತ್ನಿ ಏನೂ ಹೇಳುವುದಿಲ್ಲ.

ಉತ್ತರ: ಮದುವೆ ಮನೆಯ ಮಾತನ್ನು ಅಲ್ಲಿಯೇ ಬಿಟ್ಟು ಬನ್ನಿ. ನೀವು ಬಾರದೇ ಹೋಗಿದ್ದರೆ ‘ಅಪ್ಪನ ತೋಟ ಹಾಳುಗೆಡವಿದವನು’ ಎಂದು ಅದೇ ಜನ ಪರಿಚಯಿಸುತ್ತಿದ್ದರು.

ಕಾರಿನ ವಿಷಯಕ್ಕೆ ಬರೋಣ. 2024ರಲ್ಲಿ ವಿಯೆಟ್ನಾಂನ ಬರದಿಂದ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಕಾಫಿ ದಾಖಲೆ ಬೆಲೆ ಮುಟ್ಟಿತು. ಕೊಡಗಿನ ಬೆಳೆಗಾರರೆಲ್ಲ ಒಮ್ಮೆಲೇ ಜಾಣರಾದರು! 2001ರ ಸುಮಾರಿಗೆ ಬೆಲೆ ನೆಲಕಚ್ಚಿದಾಗಲೂ ಗಿಡಗಳು ಅವೇ, ನೆರಳಿನ ಮರಗಳ ಕೊಂಬೆ ಸವರಿ ಮರಗಸಿ ಮಾಡಿ, ಗೊಬ್ಬರ ಹಾಕಿದ ಕೈಗಳೂ ಅವೇ. ಆದರೆ ಆಗ ಅವರೆಲ್ಲ ದಡ್ಡರೆನಿಸಿಕೊಂಡಿದ್ದರು. ಹೋಂಸ್ಟೇಯ ಹಣೆಬರಹವೂ ಬೇರೆಯಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ, 2020ರ ಲಾಕ್‌ಡೌನ್‌ನಲ್ಲಿ ಮಡಿಕೇರಿಯ ಕೋಣೆಗಳು ಹೇಗೆ ಖಾಲಿ ಬಿದ್ದಿದ್ದವು ಎಂಬುದನ್ನು ನೀವೇ ಕಂಡಿದ್ದೀರಿ. ಹಾಗೆಂದು ಚಿಕ್ಕಪ್ಪನ ಮಗ ಸೋಲಲಿ ಎಂದು ಕಾಯಬೇಡಿ. ನಿಮಗರಿವಿಲ್ಲದೆ ಅಂಥ ನಿರೀಕ್ಷೆ ಇದ್ದರೆ, ನೀವು ತೃಪ್ತಿ ಎನ್ನುತ್ತಿರುವುದು ಬೇರೇನೋ.

ಈಗ ನಿಮ್ಮ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಲೆಕ್ಕದ ಪುಸ್ತಕದಲ್ಲಿದೆ. ಕಳೆದ ಕೊಯ್ಲಿನಲ್ಲಿ ಒಂದು ಮೂಟೆ ಚೆರಿಗೆ, ಅಂದರೆ ಒಣಗಿಸಿದ ಕಾಫಿ ಹಣ್ಣಿಗೆ, ನಿಮಗೆ ಬಿದ್ದ ಖರ್ಚೆಷ್ಟು? ಬೆಳೆಸಾಲ ಎಷ್ಟು ಉಳಿದಿದೆ? ಕರಿಮೆಣಸಿನಿಂದ ಬಂದದ್ದು ಯಾವುದಕ್ಕೆ ಹೋಯಿತು? ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಮನೆ ನಡೆಸಿದ್ದು ತೋಟವೋ, ಪತ್ನಿಯ ಸಂಬಳವೋ? ಇವು ನಾಲಿಗೆಯ ತುದಿಯಲ್ಲಿದ್ದು, ಆ ಮೇಲೂ ‘ಸಾಕು’ ಎನಿಸಿದರೆ ನೀವು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಪುಸ್ತಕ ತೆರೆಯಲು ಹೆದರಿಕೆಯಾಗುತ್ತಿದ್ದರೆ ನಿಮ್ಮ ಅನುಮಾನ ಸರಿ. ತೋಟಕ್ಕೆ ಬಂದದ್ದು ತಪ್ಪಲ್ಲ, ಬಂದ ಮೇಲೆ ಅದನ್ನು ಕೆಲಸವೆಂದು ನಡೆಸದಿರುವುದು ತಪ್ಪು.

ಕೊನೆಯ ಪ್ರಶ್ನೆಯನ್ನು ಬೇಕೆಂದೇ ಕೇಳಿದೆ. ಚಿಕ್ಕಪ್ಪನ ಮಗನ ಕಾರು ಎಷ್ಟನೆಯದೆಂದು ತಿಳಿಸುವ ನಿಮ್ಮ ಪತ್ರ, ಪತ್ನಿಯ ಬಗ್ಗೆ ಹೇಳುವುದು ಒಂದೇ ಸಾಲು, ಅದೂ ಕೊನೆಯಲ್ಲಿ. ಏನೂ ಹೇಳುವುದಿಲ್ಲ ಎಂದರೆ ಒಪ್ಪಿದ್ದಾರೆಂದು ಅರ್ಥವಲ್ಲ; ಯಾರೂ ಕೇಳಿಲ್ಲವೆಂದೂ ಇರಬಹುದು. ಪ್ರತಿ ತಿಂಗಳು ತಪ್ಪದೆ ಬರುವ ಸಂಬಳದ ನೆರಳಿನಲ್ಲಿ ನಿಂತು ‘ನನಗೆ ಹಣ ಮುಖ್ಯವಲ್ಲ’ ಎನ್ನುವುದು ಸುಲಭ. ನಿಮ್ಮ ಸರಳ ಬದುಕಿನ ಖರ್ಚನ್ನು ಅವರು ಹೊರುತ್ತಿದ್ದಾರೆಯೇ ಎಂದು ಮೊದಲು ನೋಡಿ. ‘ನಮಗೆಷ್ಟು ಸಾಕು’ ಎಂಬುದನ್ನು ಇಬ್ಬರೂ ಕೂತು ರೂಪಾಯಿಗಳಲ್ಲಿ ಬರೆಯಿರಿ: ಮಗಳ ಕಾಲೇಜು, ಹಾಸ್ಟೆಲ್, ಆಸ್ಪತ್ರೆ, ಬೆಳೆ ಕೈಕೊಟ್ಟ ವರ್ಷಕ್ಕೆಂದು ಎತ್ತಿಟ್ಟ ಹಣ. ಮಗಳನ್ನೂ ಕೂರಿಸಿಕೊಳ್ಳಿ. ಅವಳಿಗೆ ತೋಟ ಬೇಡವಾಗಿರಬಹುದು. ಅದು ನಿಮ್ಮ ಸೋಲಲ್ಲ.

ಗದ್ದೆಯನ್ನು ಮಾತ್ರ ಈಗ ಕೊಡಬೇಡಿ. ಬೇಸರವಾದರೆ ಬೆಂಗಳೂರಿಗೆ ಮರಳಬಹುದು, ತೋಟವನ್ನು ಗುತ್ತಿಗೆಗೆ ಕೊಡಬಹುದು. ಮಣ್ಣು ತುಂಬಿಸಿ ಕಟ್ಟಡ ಎಬ್ಬಿಸಿದ ಗದ್ದೆ ಮತ್ತೆ ಗದ್ದೆಯಾಗುವುದಿಲ್ಲ. ಚಿಕ್ಕಪ್ಪನ ಮಗನಿಗೆ ‘ನೋಡೋಣ’ ಎನ್ನಬೇಡಿ. ನಮ್ಮ ಕುಟುಂಬಗಳಲ್ಲಿ ‘ನೋಡೋಣ’ ಎಂದರೆ ಅರ್ಧ ಒಪ್ಪಿದಂತೆ. ‘ಕೊಡುವುದಿಲ್ಲ’ ಎಂದು ಹೇಳಿ, ಅವನ ಮನೆಯ ಊಟಕ್ಕೆ ಎಂದಿನಂತೆ ಹೋಗಿ. ಮಗಳ ಓದಿಗೆ ಹಣ ಸಾಲದೆಂದು ಲೆಕ್ಕ ಹೇಳಿದರೆ ಶಿಕ್ಷಣ ಸಾಲಕ್ಕೆ ಬ್ಯಾಂಕಿನಲ್ಲಿ ವಿಚಾರಿಸಿ; ತೋಟದಲ್ಲಿ ಬಲಿತ ಸಿಲ್ವರ್ ಓಕ್ ಮರಗಳಿದ್ದರೆ ಅವುಗಳ ಬೆಲೆಯನ್ನೂ ಕಟ್ಟಿಸಿ, ಆದರೆ ಕಡಿಯುವ ಮೊದಲು ಮೆಣಸಿನ ಬಳ್ಳಿ ಎಷ್ಟರ ಮೇಲೆ ಹಬ್ಬಿದೆ ಎಂದು ಎಣಿಸಿಕೊಳ್ಳಿ.