ಹಾಂಗ್‌ಕಾಂಗ್‌ನಲ್ಲಿ ಗುಡ್ಡ ಇದೆಯಾ ಅಂತ ಕೇಳಿದ್ದಿರಲ್ಲ

ಸಾಗರದಿಂದ ಹಾಂಗ್‌ಕಾಂಗ್‌ಗೆ ಕೆಲಸಕ್ಕೆ ಹೊರಟಿದ್ದೀರಿ, ಫೋಟೋ ನೋಡಿದರೆ ಬರೀ ಕಟ್ಟಡ, ಮಲೆನಾಡಲ್ಲಿ ಬೆಳೆದವರಿಗೆ ಅಲ್ಲಿ ಉಸಿರು ಕಟ್ಟಲ್ವಾ ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು. ಹಾಂಗ್‌ಕಾಂಗ್‌ನಲ್ಲಿ ನೆಲೆಸಿ ಬಹಳ ವರ್ಷ ಆಯಿತು. ಈಗ ರಜೆಗೆ ಊರಿಗೆ ಬಂದಿದ್ದೇನೆ, ಹೊರಗೆ ಮಳೆ ಹೊಡೆಯುತ್ತಿದೆ, ಕರೆಂಟ್ ಹೋಗುವುದರೊಳಗೆ ಬರೆದು ಮುಗಿಸುತ್ತೇನೆ.

ಮನೆಯೊಳಗೆ ಉಸಿರು ಕಟ್ಟುತ್ತದೆ, ಅದರಲ್ಲಿ ಸುಳ್ಳಿಲ್ಲ. ನಮ್ಮೂರ ಮನೆಯ ಜಗಲಿಯಷ್ಟು ಜಾಗದಲ್ಲಿ ಇಡೀ ಸಂಸಾರ ನಡೆಯಬೇಕು. ಆದರೆ ಹೊರಗೆ ಕಾಲಿಟ್ಟರೆ ಲೆಕ್ಕವೇ ಬೇರೆ. ನಮ್ಮ ಶಿವಮೊಗ್ಗ ಜಿಲ್ಲೆಯ ಏಳನೇ ಒಂದು ಪಾಲಿಗಿಂತಲೂ ಕಡಿಮೆ ನೆಲ ಅದು, ಸುಮಾರು 1,100 ಚದರ ಕಿಲೋಮೀಟರ್, ಅದರಲ್ಲಿ 75 ಲಕ್ಷ ಜನ ಇದ್ದಾರೆ, ಹಾಗಿದ್ದೂ ಸುಮಾರು ಶೇ. 40ರಷ್ಟು ನೆಲವನ್ನು ಕಂಟ್ರಿ ಪಾರ್ಕ್ ಅಂತ ಕಾನೂನಿನಲ್ಲಿ ಕಾಯ್ದಿಟ್ಟಿದ್ದಾರೆ. ಪಾರ್ಕ್ ಅಂದ್ರೆ ಬೆಂಚು, ಹೂವಿನ ಕುಂಡ ಅಲ್ಲ ಮಾರಾಯ್ರೇ. ಗುಡ್ಡ, ಕಾಡು, ಹಳ್ಳ, ಕಡಲತೀರ. ಮೆಟ್ರೋ ಇಳಿದು ಒಂದು ಬಸ್ ಹತ್ತಿದರೆ ಕಾಲುದಾರಿ ಶುರು.

ಇಷ್ಟು ಹೇಗೆ ಉಳಿಯಿತು ಅಂದ್ರೆ, ನೀರಿನಿಂದ. ಬ್ರಿಟಿಷರು 1863ರಿಂದಲೇ ಅಲ್ಲಿ ಕುಡಿಯುವ ನೀರಿಗೆ ಅಣೆಕಟ್ಟು ಕಟ್ಟುತ್ತಾ ಬಂದರು. ಸುತ್ತಲಿನ ಗುಡ್ಡದಲ್ಲಿ ಮನೆ ಕಟ್ಟಿದರೆ ನೀರು ಕೆಡುತ್ತದೆ ಅಂತ ಆ ಗುಡ್ಡಗಳನ್ನು ಖಾಲಿ ಬಿಟ್ಟರು. 1976ರಲ್ಲಿ ಕಾನೂನು ಬಂತು, ಮರುವರ್ಷ ಮೊದಲ ಪಾರ್ಕುಗಳು ಆದವು. ಲಿಂಗನಮಕ್ಕಿಯ ಮುಳುಗಡೆ ಕಂಡ ನಮ್ಮ ಕಡೆಯವರಿಗೆ ಅಣೆಕಟ್ಟು ಕಾಡನ್ನು ಉಳಿಸಿತು ಅಂದ್ರೆ ನಗು ಬರಬಹುದು. ಅಲ್ಲೂ ಹಳ್ಳಿಗಳನ್ನು ಎಬ್ಬಿಸಿಯೇ ಕಟ್ಟಿದ್ದು, ಅದನ್ನು ಯಾರೂ ಬೋರ್ಡಿನಲ್ಲಿ ದೊಡ್ಡದಾಗಿ ಬರೆಯುವುದಿಲ್ಲ ಅಷ್ಟೇ.

ಆದರೆ ಆಗುಂಬೆಯಂಥ ಕಾಡು ಇರುತ್ತದೆ ಅಂದುಕೊಂಡು ಹೋಗಬೇಡಿ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಊರನ್ನು ಹಿಡಿದಾಗ ಜನ ಸೌದೆಗಾಗಿ ಗುಡ್ಡಗಳನ್ನು ಬೋಳಿಸಿಬಿಟ್ಟರು. ಈಗ ಕಾಣುವ ಹಸಿರು ಬಹುಪಾಲು ಆಮೇಲಿನದು. ಬೇಗ ಬೆಳೆಯಲಿ ಅಂತ ಆಗ ನೆಟ್ಟಿದ್ದು ಏನು ಗೊತ್ತಾ? ಅಕೇಶಿಯಾ! ನಮ್ಮಲ್ಲಿ ಕಾಗದದ ಕಾರ್ಖಾನೆಗೆ ಅಂತ ಗುಡ್ಡಗುಡ್ಡವೇ ತುಂಬಿಸಿದರಲ್ಲ, ಅದರದೇ ಜಾತಿಯ ತೈವಾನ್ ಮರ. ಮಣ್ಣು ಜಾರದಂತೆ ಹಿಡಿದುಕೊಂಡಿತು, ನಿಜ. ಆದರೆ ಅದಕ್ಕೆ ಈಗ ವಯಸ್ಸಾಗಿದೆ, ಅದರ ಅಡಿಯಲ್ಲಿ ಬೇರೆ ಗಿಡ ಸರಿಯಾಗಿ ಏಳುವುದಿಲ್ಲ. ಹಾಗಾಗಿ ಹಳೇ ಮರಗಳನ್ನು ಅಲ್ಲಲ್ಲಿ ತೆಗೆದು ಊರಿನ ಜಾತಿಯ ಸಸಿ ನೆಡುತ್ತಿದ್ದಾರೆ, ಒಮ್ಮೆಗೇ ಎಲ್ಲ ಕಡಿದು ಮಾರುವುದಿಲ್ಲ. ಮಳೆಗಾಲದ ಮುಂಚೆ ಸಸಿ ನೆಡಲು ಸಾರ್ವಜನಿಕರನ್ನೂ ಕರೆಯುತ್ತಾರೆ. ಹೋಗಿ. ಅಲ್ಲಿ ಜನ ಪರಿಚಯ ಆಗುವುದು ಆಫೀಸಿಗಿಂತ ಜಾಸ್ತಿ.

ನಮ್ಮ ಕಡೆಯ ಕೆಲವು ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಕಳಲೆ ಕಂಡರೆ ಮುರಿಯುವುದು, ಚಂದದ ಗಿಡ ಕಂಡರೆ ಬೇರು ಸಮೇತ ಕೀಳುವುದು, ಮೂರು ಕಲ್ಲು ಇಟ್ಟು ಚಹಾ ಕಾಯಿಸುವುದು, ಇವೆಲ್ಲ ಅಪರಾಧ. ಬೆಂಕಿಗೆ, ಟೆಂಟಿಗೆ ಗೊತ್ತುಮಾಡಿದ ಜಾಗ ಇದೆ, ಅಲ್ಲಿ ಮಾತ್ರ. ಕಾಮ್ ಶಾನ್ ಅನ್ನುವ ಕಡೆ ಮಂಗಗಳು ತುಂಬಾ. ಬಾಳೆಹಣ್ಣು ಕೊಡಲು ಹೋದೀರಿ ಮತ್ತೆ, 2024ರಿಂದ 5,000 ಹಾಂಗ್‌ಕಾಂಗ್ ಡಾಲರ್ ದಂಡ. ಮಂಗನ ಕಾಯಿಲೆಯ ಊರಿನವರು ನಾವು, ಮಂಗದಿಂದ ದೂರ ಇರಿ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಕಾಲುದಾರಿಯಲ್ಲಿ ಕಸದ ಡಬ್ಬಿಯೂ ಇರುವುದಿಲ್ಲ, ಬೇಕಂತಲೇ 2017ರ ಹೊತ್ತಿಗೆ ತೆಗೆದುಬಿಟ್ಟರು. ಡಬ್ಬಿ ಇದ್ದರೆ ತುಂಬಿ ಚೆಲ್ಲುತ್ತದೆ, ಹಂದಿ ಮಂಗ ಬಂದು ಕೆದಕುತ್ತವೆ. ಕಿತ್ತಳೆ ಸಿಪ್ಪೆಯೂ ನಿಮ್ಮ ಚೀಲದಲ್ಲೇ ವಾಪಸ್ ಬರಬೇಕು. ಕೊಡಚಾದ್ರಿಯಲ್ಲೂ ಹೀಗೇ ಮಾಡಬಹುದು ಅಂತ ನನಗೆ ಅನ್ನಿಸುತ್ತದೆ, ಇಲ್ಲಿ ಹೇಳಿದರೆ ಜನ ಬೈಯುತ್ತಾರೆ.

ಎಲ್ಲ ಸುಸೂತ್ರ ಅಂತಲೂ ಅಲ್ಲ. 2010ರಲ್ಲಿ ತೈ ಲಾಂಗ್ ಸೈ ವಾನ್ ಅನ್ನುವ ಕಡಲತೀರದ ಹತ್ತಿರ, ಪಾರ್ಕಿನ ನಡುವೆ ಇದ್ದ ಖಾಸಗಿ ಜಾಗವನ್ನು ಒಬ್ಬ ಉದ್ಯಮಿ ಅಗೆಸಿದರು. ಜನ ರೊಚ್ಚಿಗೆದ್ದರು, 2013ರಲ್ಲಿ ಸರ್ಕಾರ ಅದನ್ನೂ ಪಾರ್ಕಿಗೆ ಸೇರಿಸಿತು. ಆದರೆ ಹಳ್ಳಿಯವರಿಗೆ ಅದು ಸಮಾಧಾನ ಇರಲಿಲ್ಲ. ನಮ್ಮ ಜಮೀನಿನ ಮೇಲೆ ಪೇಟೆಯವರ ಕಾನೂನು ಯಾಕೆ ಅಂತ ಅವರ ಮಾತು. ಪಶ್ಚಿಮಘಟ್ಟ ಉಳಿಸುವ ಬಗ್ಗೆ ಕಸ್ತೂರಿರಂಗನ್ ವರದಿ ಬಂದಾಗ ನಮ್ಮೂರಲ್ಲಿ ನಡೆದ ಸಭೆಗಳಲ್ಲಿ ಕೇಳಿದ್ದೂ ಇದೇ ಮಾತಲ್ವಾ. ವಾರಕ್ಕೊಮ್ಮೆ ಶೂ ಹಾಕಿಕೊಂಡು ಹೋಗುವ ನನ್ನಂಥವನಿಗೆ ಕಾಡು ಉಳಿಯಲಿ ಅನ್ನುವುದು ಸುಲಭ. ಆದರೂ ಆ ತೀರ ಹಾಗೇ ಉಳಿದದ್ದು ಒಳ್ಳೆಯದಾಯಿತು ಅಂತಲೇ ನನ್ನ ಅಭಿಪ್ರಾಯ.

ಇನ್ನು ನೀವು ಆಗಸ್ಟ್‌ನಲ್ಲಿ ಬರುತ್ತೀರಿ, ಬಂದ ಕೂಡಲೇ ಗುಡ್ಡ ಹತ್ತಬೇಡಿ. ಆ ಸೆಕೆ ನಮಗೆ ಅಭ್ಯಾಸ ಇಲ್ಲದ್ದು, ಮೇಲೆ ಚಂಡಮಾರುತ ಬೇರೆ. ಕಪ್ಪು ಮಳೆ ಎಚ್ಚರಿಕೆ, ಅಂದ್ರೆ ಅತಿ ಜೋರು ಮಳೆಯ ಎಚ್ಚರಿಕೆ, ಕೊಟ್ಟರೆ ನಾವು ಮಲೆನಾಡಿನವರು ಅಂತ ಹುಂಬತನ ಬೇಡ, ಒಳಗೇ ಇರಿ. ಅಕ್ಟೋಬರ್ ಕಳೆಯಲಿ. ಮೊದಲು ಡ್ರ್ಯಾಗನ್ಸ್ ಬ್ಯಾಕ್ ಅನ್ನುವ ಗುಡ್ಡದ ಕಾಲುದಾರಿ ಮಾಡಿ, ಶೌ ಕೇ ವಾನ್‌ನಲ್ಲಿ 9ನೇ ನಂಬರ್ ಬಸ್ ಸಿಗುತ್ತದೆ, ಸುಲಭದ ದಾರಿ, ಕೆಳಗಡೆ ಸಮುದ್ರ. ಕಾಲು ಪಳಗಿದ ಮೇಲೆ ತೈ ಮೋ ಶಾನ್. ಎತ್ತರ 957 ಮೀಟರ್, 1,343 ಮೀಟರಿನ ಕೊಡಚಾದ್ರಿ ಹತ್ತಿದವರಿಗೆ ದೊಡ್ಡದಲ್ಲ. ಆದರೆ ನೆರಳು ಕಡಿಮೆ, ನೀರು ಜಾಸ್ತಿ ಇಟ್ಟುಕೊಳ್ಳಿ. 100 ಕಿಲೋಮೀಟರಿನ ಮ್ಯಾಕ್ಲೆಹೋಸ್ ದಾರಿಯನ್ನು ತುಂಡು ತುಂಡಾಗಿ ಮುಗಿಸಬಹುದು. ಪ್ರತಿ 500 ಮೀಟರಿಗೆ ನಂಬರ್ ಬರೆದ ಕಂಬ ಇದೆ, ದಾರಿ ತಪ್ಪಿದರೆ ಆ ನಂಬರ್ ಹೇಳಿದರೆ ಸಾಕು, ಹುಡುಕಿಕೊಂಡು ಬರುತ್ತಾರೆ.

ಮನೆ ಮಾತ್ರ ಅವಸರದಲ್ಲಿ ಹಿಡಿಯಬೇಡಿ. ಎರಡು ಸ್ಟೇಷನ್ ದೂರ ಆದರೂ ಪರವಾಗಿಲ್ಲ, ಗುಡ್ಡದ ಬುಡ ನೋಡಿ. ಆಫೀಸು ಯಾವ ಕಡೆ ಅಂತ ತಿಳಿಸಿ, ಎಲ್ಲಿ ಹುಡುಕಬೇಕು ಅಂತ ಹೇಳುತ್ತೇನೆ.