ಗೆಳೆಯ ಹೋದ ಮೇಲೆ

ಪ್ರಶ್ನೆ: ಮೂವತ್ತು ವರ್ಷಗಳ ಗೆಳೆಯ ತೀರಿಕೊಂಡು ನಾಲ್ಕು ತಿಂಗಳಾಯಿತು. ಎಲ್ಲರೂ ಅವನ ಮನೆಯವರನ್ನು ಸಮಾಧಾನಪಡಿಸಿದರು, ನಾನು ಮರುದಿನವೇ ಕೆಲಸಕ್ಕೆ ಹೋದೆ. ಈಗ ದುಃಖ ಉಕ್ಕಿ ಬರುತ್ತಿದೆ. ಅವನ ನಂಬರ್ ಅಳಿಸಲು ಮನಸ್ಸಾಗುತ್ತಿಲ್ಲ.

ಉತ್ತರ: ಅಳಿಸಬೇಡಿ. ಗೆಳೆಯ ಸತ್ತರೆ ರಜೆ ಸಿಗುವುದಿಲ್ಲ, ಬಂದು ವಿಚಾರಿಸುವವರೂ ಇರುವುದಿಲ್ಲ. ಹಾಗಾಗಿ ತಡೆದಿಟ್ಟ ಅಳು ತಿಂಗಳುಗಳ ಮೇಲೆ ಬರುವುದು ಸಹಜ. ಲೋಕ ಲೆಕ್ಕಕ್ಕೆ ಹಿಡಿಯದ ಇಂಥ ಶೋಕದ ಬಗ್ಗೆಯೇ, ಸಾವು-ದುಃಖದ ಕುರಿತು ಅಧ್ಯಯನ ಮಾಡಿದ ಕೆನೆತ್ ಡೋಕಾ 1989ರಲ್ಲಿ ಒಂದು ಪುಸ್ತಕ ಸಂಪಾದಿಸಿದ್ದಾರೆ.

ಈ ವಾರವೇ ಒಂದು ಕೆಲಸ ಮಾಡಿ. ವಾಟ್ಸ್ಆ್ಯಪ್ ಖಾತೆಯನ್ನು 120 ದಿನ ಬಳಸದಿದ್ದರೆ ಸಾಮಾನ್ಯವಾಗಿ ಅದು ರದ್ದಾಗುತ್ತದೆ. ಮುಂದೊಂದು ದಿನ ಅಲ್ಲಿ ಅವನ ಫೋಟೊ ಕಾಣದಿದ್ದರೆ ಗಾಬರಿಯಾಗಬೇಡಿ, ನಿಮ್ಮ ಫೋನಿನಲ್ಲಿರುವ ಮಾತುಕತೆ ಹಾಗೇ ಇರುತ್ತದೆ. ಅದು ಕಳೆದುಹೋಗುವುದು ಬ್ಯಾಕಪ್ ಇಲ್ಲದೆ ಫೋನ್ ಬದಲಿಸಿದಾಗ. ಅವನ ಚಾಟ್ ತೆರೆದು, 'ಎಕ್ಸ್‌ಪೋರ್ಟ್ ಚಾಟ್' ಒತ್ತಿ, ಮೀಡಿಯಾ ಸಮೇತ ಉಳಿಸಿ. ಧ್ವನಿ ಸಂದೇಶಗಳು ಬಂದಿವೆಯೇ ಎಂದು ಒಂದೆರಡನ್ನು ಕೇಳಿ ನೋಡಿ, ಎರಡು ಕಡೆ ಪ್ರತಿ ಇಡಿ. ಆ ನಂಬರಿಗೆ ಕರೆ ಮಾತ್ರ ಬೇಡ. ಬಳಕೆ ನಿಂತ ನಂಬರನ್ನು ಕಂಪನಿಗಳು ಬೇರೆಯವರಿಗೆ ಕೊಡುತ್ತವೆ, ಅಪರಿಚಿತ ದನಿ ಕೇಳಿದರೆ ಎದೆ ಒಡೆಯುತ್ತದೆ.

ಆಮೇಲೆ ಅವನ ಮನೆಗೆ ಹೋಗಿ. 'ಒಳ್ಳೆಯವನಿದ್ದ' ಎನ್ನುವ ಮಾತು ಅವರು ಸಾಕಷ್ಟು ಕೇಳಿದ್ದಾರೆ. ಅವನ ಮಕ್ಕಳಿಗೆ ಗೊತ್ತಿಲ್ಲದ ಎರಡು ಮೂರು ಘಟನೆಗಳನ್ನು ಬರೆದು ಕೊಡಿ. ಅವರಿಗೂ ನಿಮಗೂ ಇದಕ್ಕಿಂತ ದೊಡ್ಡ ಸಾಂತ್ವನ ಇನ್ನೊಂದಿಲ್ಲ. ಆರು ತಿಂಗಳು ದಾಟಿದ ಮೇಲೂ ದಿನವಿಡೀ ಅದೇ ಹಂಬಲವಿದ್ದು ಕೆಲಸ ಸಾಗದಿದ್ದರೆ ಮನೋವೈದ್ಯರನ್ನು ಕಾಣಿ. ಬದುಕು ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ.

ಪ್ರಶ್ನೆ: ಉಳಿದ ಗೆಳೆಯರೊಂದಿಗೂ 'ಸಿಗೋಣ' ಎನ್ನುವುದರಲ್ಲೇ ವರ್ಷ ಕಳೆಯುತ್ತಿದೆ. ಕೆಲವರೊಡನೆ ಮಾತೇ ನಿಂತಿದೆ.

ಉತ್ತರ: 'ಸಿಗೋಣ' ಎಂಬುದಕ್ಕೆ ತಾರೀಖಿಲ್ಲ, ಅದೇ ತೊಂದರೆ. ತಿಂಗಳ ಮೊದಲ ಭಾನುವಾರ ಹನ್ನೊಂದರಿಂದ ಒಂದು ಗಂಟೆ ಎಂದು ಗೊತ್ತುಮಾಡಿಕೊಳ್ಳಿ. ಬರಲಾಗದವರು ಅದನ್ನು ತಿಳಿಸುವ ಕರೆಯಲ್ಲೇ ಬೇರೆ ದಿನ ಹೇಳಬೇಕು. ಮೂರು ನಾಲ್ಕು ಜನ ಸಾಕು, ಹೆಚ್ಚಾದರೆ ಮಾತು ಗುಂಪುಗುಂಪಾಗಿ ಒಡೆದು ಮುಖ್ಯವಾದದ್ದು ಯಾರ ಬಾಯಿಂದಲೂ ಬರುವುದಿಲ್ಲ. ಗೆಳೆತನದ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ ರಾಬಿನ್ ಡನ್‌ಬಾರ್ ಪ್ರಕಾರ ನಮ್ಮ ತೀರಾ ಒಳವಲಯದಲ್ಲಿ ಹಿಡಿಯುವುದೇ ಸುಮಾರು 5 ಮಂದಿ. ಎಲ್ಲರನ್ನೂ ಉಳಿಸಿಕೊಳ್ಳಲು ಹೋಗಿ ಆ ಐವರನ್ನು ಕಳೆದುಕೊಳ್ಳಬೇಡಿ.

ಮಾತು ಬಿಟ್ಟವರಿಗೆ ಫೋನ್ ಮಾಡಿ. ಹಳೆಯ ಗೆಳೆಯರೊಡನೆ ಮಾತಾಡಿದರೆ ಮುಜುಗರವಾದೀತೆಂದು ಜನ ಅಂಜುತ್ತಾರೆ, ಆದರೆ ಬರಹಕ್ಕಿಂತ ದನಿಯೇ ಹೆಚ್ಚು ಹತ್ತಿರ ತರುತ್ತದೆ ಎಂದು 2021ರಲ್ಲಿ ಪ್ರಕಟವಾದ, ಸಂಶೋಧಕರಾದ ಕುಮಾರ್ ಮತ್ತು ಎಪ್ಲಿ ಅವರ ಅಧ್ಯಯನ ತೋರಿಸಿತು. ನೆನಪಾದ ಕಾರಣ ಹೇಳಿ ಮಾತು ಶುರುಮಾಡಿ. 'ನೀನೂ ಮಾಡಲಿಲ್ಲವಲ್ಲ' ಎಂಬ ಮಾತು ಮಾತ್ರ ಬೇಡ. ಉತ್ತರ ಬಾರದಿದ್ದರೆ ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿ, ಅಲ್ಲಿಗೆ ಬಿಡಿ.

ಪ್ರಶ್ನೆ: ವಯಸ್ಸಾದ ಅಮ್ಮನ ಬಳಿ ಕುಳಿತರೂ ಮಾತು ಹೊರಡುವುದಿಲ್ಲ.

ಉತ್ತರ: 'ಹೇಗಿದ್ದೀಯ' ಎಂದು ಕೇಳಿದರೆ 'ಚೆನ್ನಾಗಿದ್ದೀನಿ' ಎಂದಷ್ಟೇ ಬರುತ್ತದೆ. ಒಂದೇ ಒಂದು ಹಳೆಯ ಫೋಟೊ ಕೈಗೆ ಕೊಟ್ಟು ಅದರಲ್ಲಿ ಯಾರ್‍ಯಾರಿದ್ದಾರೆ ಎಂದು ಕೇಳಿ. ಟಿವಿ, ಫ್ಯಾನ್ ಆರಿಸಿ, ಅವರಿಗೆ ಹೇಳಿಯೇ ಇಪ್ಪತ್ತು ನಿಮಿಷ ಧ್ವನಿಮುದ್ರಿಸಿ. ಹೆಸರುಗಳನ್ನು ಫೋಟೊ ಹಿಂದೆ ಮೃದು ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಿರಿ, ಪೆನ್ನಿನ ಶಾಯಿ ಮುಂಭಾಗಕ್ಕೆ ಇಳಿಯಬಹುದು.